ಮೊದಲು ತಾನೇ ಇಳಿದ ಮೆಹರ್ ಬಾಬಾ

ದೆಹಲಿಯಿಂದ ಹೊರಟ ವಿಮಾನ ಇಂದು ಒಂದೂವರೆ ಗಂಟೆಯ ಒಳಗೆ ನಮ್ಮನ್ನು ಲಡಾಖಿನ ಲೇಹ್‌ಗೆ ತಲುಪಿಸುತ್ತದೆ. ಅಲ್ಲಿಗೆ ಹೋಗುವ ಪ್ರವಾಸಿಗಳಿಗೆಲ್ಲ ಒಂದೇ ಬುದ್ಧಿಮಾತು: ಮೊದಲ ದಿನ ಎಲ್ಲಿಗೂ ಹೋಗಬೇಡಿ, ಸುಮ್ಮನೆ ಮಲಗಿ. ಮಾತು ಕೇಳದೆ ನಾಲ್ಕು ಮೆಟ್ಟಿಲು ಹತ್ತಿದವರು ಏದುಸಿರು ಬಿಡುತ್ತಾ ಕುಳಿತುಕೊಳ್ಳುವುದನ್ನು ಅಲ್ಲಿ ದಿನವೂ ನೋಡಬಹುದು. ಊರು ಇರುವುದು ಸಮುದ್ರಮಟ್ಟದಿಂದ ಸುಮಾರು 11,000 ಅಡಿ ಎತ್ತರದಲ್ಲಿ. ಅಲ್ಲಿನ ಗಾಳಿ ತೆಳು.

ಮನುಷ್ಯನಿಗೆ ತೆಳುವಾದ ಗಾಳಿ ವಿಮಾನಕ್ಕೂ ತೆಳುವೇ. ಎಂಜಿನ್ನಿನ ಶಕ್ತಿ ಕುಗ್ಗುತ್ತದೆ. ರೆಕ್ಕೆಗೆ ಸಿಗುವ ಆಸರೆ ಕಡಿಮೆಯಾಗುತ್ತದೆ. ನೆಲ ಮುಟ್ಟುವಾಗ ವೇಗ ಹೆಚ್ಚಿರಬೇಕು, ಮೇಲೇರುವಾಗ ಹೆಚ್ಚು ದೂರ ಓಡಬೇಕು. ಸುತ್ತ ಬೆಟ್ಟಗಳಿರುವ ಕಣಿವೆಯಲ್ಲಿ ಇದೆಲ್ಲವನ್ನೂ ಮಾಡಬೇಕಾದರೆ ಪೈಲಟ್ ಹಲವು ಬಾರಿ ಲೆಕ್ಕ ಹಾಕುತ್ತಾನೆ. 1948ರ ಮೇ 24ರಂದು ಲೇಹ್‌ನಲ್ಲಿ ಮೊಟ್ಟಮೊದಲ ವಿಮಾನ ಇಳಿದಾಗ ಆ ಲೆಕ್ಕ ಹಾಕಿಕೊಡುವವರು ಯಾರೂ ಇರಲಿಲ್ಲ. ದಾರಿಯ ನಕ್ಷೆ ಇರಲಿಲ್ಲ, ನೆಲದಿಂದ ದಾರಿ ತೋರಿಸುವ ರೇಡಿಯೊ ಇರಲಿಲ್ಲ, ಹಿಂದೆ ಹಾರಿ ಬಂದವರ ಅನುಭವವೂ ಇರಲಿಲ್ಲ.

ಆ ವಿಮಾನವನ್ನು ನಡೆಸಿದವರು ಒಬ್ಬ ಸಾಧಾರಣ ಪೈಲಟ್ ಅಲ್ಲ. ಕಾಶ್ಮೀರದ ಇಡೀ ವಾಯು ಕಾರ್ಯಾಚರಣೆಯ ಹೊಣೆ ಹೊತ್ತಿದ್ದ ಏರ್ ಕಮೊಡೋರ್ ಮೆಹರ್ ಸಿಂಗ್. ಪಕ್ಕದಲ್ಲಿ ಕುಳಿತು ಬಂದ ಪ್ರಯಾಣಿಕರೂ ಸಾಮಾನ್ಯರಲ್ಲ. ಕಾಶ್ಮೀರ ಕಣಿವೆಯ ಸೇನಾ ವಿಭಾಗದ ದಂಡನಾಯಕ, ನಮ್ಮ ಮಡಿಕೇರಿಯ ಮೇಜರ್ ಜನರಲ್ ಕೆ. ಎಸ್. ತಿಮ್ಮಯ್ಯ.

ಮೆಹರ್ ಸಿಂಗ್ ಅವರನ್ನು ವಾಯುಪಡೆಯವರು ಪ್ರೀತಿಯಿಂದ ಕರೆದದ್ದು 'ಮೆಹರ್ ಬಾಬಾ' ಎಂದು. ಈ ಹೆಸರು ಕೇಳಿದೊಡನೆ ನಮ್ಮಲ್ಲಿ ಹಲವರಿಗೆ ಅಹಮದ್‌ನಗರದ ಮೌನಿ ಸಂತರು ನೆನಪಾಗುತ್ತಾರೆ. ಈ ಬಾಬಾ ಬೇರೆ. ಇವರು ಎರಡು ದೊಡ್ಡ ಶೌರ್ಯಪದಕಗಳನ್ನು ಪಡೆದರು, ಒಂದು ಬ್ರಿಟಿಷ್ ಅರಸನಿಂದ, ಇನ್ನೊಂದು ಭಾರತ ಗಣರಾಜ್ಯದಿಂದ. ಮೂವತ್ತೇಳು ತುಂಬುವ ಮೊದಲೇ ಅವರ ಬದುಕು ಮುಗಿಯಿತು. ಅವರ ಸೇವಾ ಚರಿತ್ರೆ ಹನ್ನೆರಡೇ ವರ್ಷದ್ದು. ಆ ಹನ್ನೆರಡು ವರ್ಷಗಳನ್ನು ಓದಿದರೆ ಒಂದು ಸಂಗತಿ ಮತ್ತೆ ಮತ್ತೆ ಎದುರಾಗುತ್ತದೆ: ಅಪಾಯದ ಜಾಗಕ್ಕೆ ತನ್ನ ಹುಡುಗರನ್ನು ಕಳಿಸುವ ಮೊದಲು ಇವರು ತಾವೇ ಹೋಗಿಬರುತ್ತಿದ್ದರು.

ವಜೀರಿಸ್ತಾನದ ಪಾಠಶಾಲೆ

ಮೆಹರ್ ಸಿಂಗ್ ಹುಟ್ಟಿದ್ದು 1915ರ ಮಾರ್ಚ್ 20ರಂದು, ಈಗ ಪಾಕಿಸ್ತಾನದಲ್ಲಿರುವ ಲಾಯಲ್‌ಪುರ ಜಿಲ್ಲೆಯಲ್ಲಿ. 1934ರಲ್ಲಿ ಇಂಗ್ಲೆಂಡಿನ ಕ್ರಾನ್‌ವೆಲ್ ವಾಯುಪಡೆ ಕಾಲೇಜಿಗೆ ಆಯ್ಕೆಯಾದರು. 1936ರ ಆಗಸ್ಟಿನಲ್ಲಿ ಪೈಲಟ್ ಆಫೀಸರ್ ಆಗಿ ಭಾರತೀಯ ವಾಯುಪಡೆ ಸೇರಿದರು.

ವಾಯುಪಡೆ ಎಂದರೆ ಆಗ ದೊಡ್ಡದೇನನ್ನೋ ಊಹಿಸಬೇಕಿಲ್ಲ. 1932ರ ಅಕ್ಟೋಬರ್ 8ರಂದು ಕಾಗದದ ಮೇಲೆ ಹುಟ್ಟಿದ ಪಡೆ, 1933ರ ಏಪ್ರಿಲ್‌ನಲ್ಲಿ ಕರಾಚಿಯಲ್ಲಿ ನಾಲ್ಕು ವಾಪಿಟಿ ವಿಮಾನಗಳೊಡನೆ ಕಣ್ಣು ತೆರೆದಿತ್ತು. ಇದ್ದದ್ದು ಒಂದೇ ಸ್ಕ್ವಾಡ್ರನ್. ಅದೂ ಇನ್ನೂ ಬೆಳೆಯುತ್ತಿತ್ತು. ವಾಪಿಟಿ ಎಂದರೆ ಒಂದರ ಮೇಲೊಂದು ಎರಡು ರೆಕ್ಕೆಗಳಿದ್ದ, ಮೇಲ್ಛಾವಣಿ ಇಲ್ಲದ, ಇಬ್ಬರು ಕೂರುವ ವಿಮಾನ. ಮುಂದೆ ಪೈಲಟ್, ಹಿಂದೆ ಬಂದೂಕುಗಾರ. ಭಾರತೀಯರಿಗೆ ವಿಮಾನ ಹಾರಿಸಲು ಬರುತ್ತದೆಯೇ ಎಂಬ ಅನುಮಾನ ಬ್ರಿಟಿಷರಲ್ಲಿ ಹಲವರಿಗಿದ್ದ ಕಾಲ ಅದು.

ಈ ಪಡೆಗೆ ಮೊದಲ ಕೆಲಸ ಸಿಕ್ಕಿದ್ದು ವಾಯವ್ಯ ಗಡಿನಾಡಿನ ವಜೀರಿಸ್ತಾನದಲ್ಲಿ. ಬಂಡೆದ್ದ ಗುಡ್ಡಗಾಡು ಜನರ ಮೇಲೆ ಕಣ್ಣಿಡುವುದು, ಕೆಳಗಿನ ಸೇನೆಗೆ ಸುದ್ದಿ ಕೊಡುವುದು, ಬೇಕಾದಾಗ ಬಾಂಬು ಹಾಕುವುದು. ಪಠಾಣನ ಬಂದೂಕಿನ ಗುರಿ ಲೋಕಪ್ರಸಿದ್ಧ. ಒಂದು ದಿನ ಮೆಹರ್ ಸಿಂಗ್ ಅವರ ವಿಮಾನಕ್ಕೆ ಗುಂಡು ತಗಲಿ ಅದು ಬೆಟ್ಟದ ಇಳುಕಲಿನಲ್ಲಿ ಬಿದ್ದಿತು. ಹಿಂದೆ ಕುಳಿತಿದ್ದವರು ಬಂದೂಕುಗಾರ ಗುಲಾಂ ಅಲಿ. ಇಬ್ಬರೂ ಬದುಕಿದ್ದರು. ಸುತ್ತ ಹುಡುಕುತ್ತಿದ್ದ ಬುಡಕಟ್ಟಿನವರ ಕಣ್ಣು ತಪ್ಪಿಸಿ ಕತ್ತಲಲ್ಲಿ ನಡೆದು ಸೇನಾ ಠಾಣ್ಯ ಸೇರಿಕೊಂಡರು. ಮೆಹರ್ ಸಿಂಗ್ ಮತ್ತೆ ಹಾರತೊಡಗಿದರು.

ಕಡಿದಾದ ಕಣಿವೆಯಲ್ಲಿ ವಿಮಾನವನ್ನು ಹೇಗೆ ತಿರುಗಿಸಬೇಕು, ಬೆಟ್ಟದ ಗಾಳಿ ಯಾವ ಹೊತ್ತಿನಲ್ಲಿ ಹೇಗೆ ಬೀಸುತ್ತದೆ, ಕೈಯಗಲದ ಸಮತಟ್ಟು ನೆಲ ಇಳಿಯಲು ಎಷ್ಟರಮಟ್ಟಿಗೆ ಸಾಕು? ಇವನ್ನು ಅವರು ಕಲಿತದ್ದು ಅಲ್ಲಿ. ಹತ್ತು ವರ್ಷದ ನಂತರ ಇದೇ ಗಡಿನಾಡಿನ ವಜೀರರು, ಮೆಹಸೂದರು, ಅಫ್ರೀದಿಗಳು ಲಾರಿಗಳಲ್ಲಿ ಕಾಶ್ಮೀರಕ್ಕೆ ನುಗ್ಗಿದಾಗ ಆ ಪಾಠ ಉಪಯೋಗಕ್ಕೆ ಬಂತು.

ಬರ್ಮಾದಲ್ಲಿ ಸೇನೆಯ ಕಣ್ಣು

ಎರಡನೆಯ ಮಹಾಯುದ್ಧ ಬಂತು. 1942ರ ಡಿಸೆಂಬರ್‌ನಲ್ಲಿ ತಿರುಚಿನಾಪಳ್ಳಿಯಲ್ಲಿ ಆರನೆಯ ಸ್ಕ್ವಾಡ್ರನ್ ಹುಟ್ಟಿತು; ಮೆಹರ್ ಸಿಂಗ್ ಅದರ ನಾಯಕರಾದರು. ಕೊಟ್ಟ ವಿಮಾನ ಹರಿಕೇನ್. 1940ರಲ್ಲಿ ಬ್ರಿಟನ್ನನ್ನು ಉಳಿಸಿದ ಹೆಸರು ಅದಕ್ಕಿತ್ತಾದರೂ ಬರ್ಮಾ ರಣರಂಗಕ್ಕೆ ಬರುವ ಹೊತ್ತಿಗೆ ಅದು ಹಳೆಯ ಕುದುರೆ. ಕೆಲಸ ಕಾದಾಟದ್ದಲ್ಲ, ಬೇಹುಗಾರಿಕೆಯದು. ಅರಾಕಾನಿನ ಕಾಡುಗಳ ಮೇಲೆ ತಗ್ಗಿನಲ್ಲಿ ಹಾರಿ ಜಪಾನೀಯರು ಎಲ್ಲಿದ್ದಾರೆ, ಎಷ್ಟಿದ್ದಾರೆ, ಯಾವ ಕಡೆ ಹೊರಟಿದ್ದಾರೆ ಎಂದು ನೋಡಿ, ಚಿತ್ರ ತೆಗೆದು, ಹಿಂದಿರುಗಿ ಹೇಳಬೇಕು.

ವಿಮಾನಗಳು ಜೋಡಿಯಾಗಿ ಹೋಗುತ್ತಿದ್ದವು. ಒಬ್ಬನ ಕಣ್ಣು ನೆಲದ ಮೇಲೆ. ಇನ್ನೊಬ್ಬ ಆಚೀಚೆ ತೂಗಾಡುತ್ತ, ಜಪಾನೀ ಫೈಟರುಗಳು ಬೆನ್ನ ಹಿಂದಿನಿಂದ ಬರುತ್ತವೆಯೇ ಎಂದು ಆಕಾಶ ನೋಡಬೇಕು. ನೆಲ ನೋಡುವವನ ಜೀವ ಆಕಾಶ ನೋಡುವವನ ಕೈಯಲ್ಲಿ. ಇಂಥ ಕೆಲಸದಲ್ಲಿ ಆರನೆಯ ಸ್ಕ್ವಾಡ್ರನ್ನಿಗೆ 'ಹದಿನಾಲ್ಕನೆಯ ಸೇನೆಯ ಕಣ್ಣು' ಎಂಬ ಬಿರುದು ಬಂತು.

ಆ ಹದಿನಾಲ್ಕನೆಯ ಸೇನೆಯ ದಂಡನಾಯಕ ಜನರಲ್ ವಿಲಿಯಂ ಸ್ಲಿಮ್ ತಮ್ಮ ಯುದ್ಧಸ್ಮೃತಿಯಲ್ಲಿ ಒಂದು ಘಟನೆಯನ್ನು ದಾಖಲಿಸಿದ್ದಾರೆ. ಅವರು ಭಾರತೀಯ ಬೇಹು ಸ್ಕ್ವಾಡ್ರನ್ ಒಂದಕ್ಕೆ ಹೋದಾಗ, ಹೊರಟ ವಿಮಾನಗಳು ಜಪಾನೀ ಫೈಟರುಗಳ ಗುಂಪಿಗೆ ಸಿಕ್ಕಿ ಉರುಳಿದವು ಎಂಬ ಸುದ್ದಿ ಆಗತಾನೆ ಬಂದಿತ್ತು. ಸ್ಕ್ವಾಡ್ರನ್ನಿನ ಸಿಖ್ ನಾಯಕ ಮಾತಾಡದೆ ಎದ್ದು, ಮುಂದಿನ ಸರದಿಯನ್ನು ತಾನೇ ತೆಗೆದುಕೊಂಡು ಹೋಗಿ, ಕೆಲಸ ಮುಗಿಸಿ ಬಂದನಂತೆ. ಆ ಸಿಖ್ ನಾಯಕ ಮೆಹರ್ ಸಿಂಗ್ ಎಂದೇ ವಾಯುಪಡೆಯ ಚರಿತ್ರೆ ಬಲ್ಲವರು ಗುರುತಿಸುತ್ತಾರೆ.

1944ರ ಮಾರ್ಚಿನಲ್ಲಿ ಅವರಿಗೆ ಡಿ.ಎಸ್.ಒ. ಪದಕ ಬಂತು. ಒಬ್ಬ ನಾಯಕ ಶತ್ರುವಿನ ಎದುರು ತನ್ನ ತುಕಡಿಯನ್ನು ನಡೆಸಿದ ರೀತಿಗೆ ಈ ಪದಕವನ್ನು ಕೊಡುತ್ತಾರೆ. ಒಂದು ಕ್ಷಣದ ಸಾಹಸಕ್ಕಷ್ಟೇ ಅಲ್ಲ. ಆ ಯುದ್ಧದಲ್ಲಿ ಇದನ್ನು ಪಡೆದ ಭಾರತೀಯ ವಾಯುಪಡೆಯ ಏಕೈಕ ಅಧಿಕಾರಿ ಮೆಹರ್ ಸಿಂಗ್.

ಪೂಂಛ್ ಎಂಬ ನಡುಗಡ್ಡೆ

ಸ್ವಾತಂತ್ರ್ಯದ ಜೊತೆಗೆ ದೇಶ ಒಡೆಯಿತು, ವಾಯುಪಡೆಯೂ ಒಡೆಯಿತು. 1947ರ ಅಕ್ಟೋಬರ್ 22ರಂದು ಬುಡಕಟ್ಟು ದಾಳಿಕೋರರು ಕಾಶ್ಮೀರಕ್ಕೆ ನುಗ್ಗಿದರು. 26ರಂದು ಮಹಾರಾಜ ಹರಿಸಿಂಗ್ ಭಾರತಕ್ಕೆ ಸೇರುವ ಪತ್ರಕ್ಕೆ ಸಹಿ ಹಾಕಿದರು. 27ರ ಬೆಳಿಗ್ಗೆ ಡಕೋಟ ವಿಮಾನಗಳಲ್ಲಿ ಸಿಖ್ ರೆಜಿಮೆಂಟಿನ ಮೊದಲ ಪಟಾಲಂ ಶ್ರೀನಗರದಲ್ಲಿ ಇಳಿಯಿತು. ವಾಯುಪಡೆಯ ಡಕೋಟಗಳು ಸಾಲದೆ ಖಾಸಗಿ ಕಂಪೆನಿಗಳವನ್ನೂ ಹಚ್ಚಿ, ಐದೇ ದಿನಗಳಲ್ಲಿ ಒಂದು ಬ್ರಿಗೇಡನ್ನು ಅಲ್ಲಿ ಇಳಿಸಲಾಯಿತು. ಕಾಶ್ಮೀರದ ವಾಯು ಕಾರ್ಯಾಚರಣೆ ನಡೆಸಲು ರಚನೆಯಾದ ಪಡೆಗೆ ಮುಖ್ಯಸ್ಥರಾಗಿ ನೇಮಕಗೊಂಡವರು ಮೆಹರ್ ಸಿಂಗ್.

ಡಕೋಟ ಯುದ್ಧವಿಮಾನವಲ್ಲ. ಎರಡು ಎಂಜಿನ್ನಿನ, ದಪ್ಪ ಹೊಟ್ಟೆಯ, ಸಾಧು ಸ್ವಭಾವದ ಸಾಗಣೆ ವಿಮಾನ. ಮಹಾಯುದ್ಧದಲ್ಲಿ ಸಾವಿರಗಟ್ಟಲೆ ತಯಾರಾಗಿ, ಯುದ್ಧ ಮುಗಿದಾಗ ಎಲ್ಲೆಂದರಲ್ಲಿ ಉಳಿದಿತ್ತು. ನಮ್ಮ ಬೆಂಗಳೂರಿನ ಹಿಂದೂಸ್ತಾನ್ ವಿಮಾನ ಕಾರ್ಖಾನೆಗೂ ಡಕೋಟಗಳನ್ನು ಬಿಚ್ಚಿ, ಸರಿಪಡಿಸಿ, ಹಾರುವಂತೆ ಮಾಡುವ ಕೆಲಸ ಬಹಳ ಕಾಲ ಇತ್ತು. ಕಾಶ್ಮೀರವನ್ನು ಉಳಿಸಿದ್ದರಲ್ಲಿ ಈ ಹೊರೆಯಾಳಿನ ಪಾಲು ದೊಡ್ಡದು.

ಶ್ರೀನಗರ ಉಳಿಯಿತು, ಆದರೆ ಪೂಂಛ್ ಸಿಕ್ಕಿಬಿದ್ದಿತು. ಸುತ್ತಲಿನ ಬೆಟ್ಟಗಳೆಲ್ಲ ದಾಳಿಕೋರರ ವಶ. ಊರಿನೊಳಗೆ ಸುಮಾರು 40,000 ನಿರಾಶ್ರಿತರು, ಅವರನ್ನು ಕಾಯಲು ಪ್ರೀತಮ್ ಸಿಂಗ್ ಎಂಬ ಬ್ರಿಗೇಡಿಯರ್ ಮತ್ತು ಸ್ವಲ್ಪ ಸೈನಿಕರು. ದಾರಿ ಮುಚ್ಚಿತ್ತು. ಧಾನ್ಯ, ಔಷಧ, ಗುಂಡು ಯಾವುದು ಬರಬೇಕಾದರೂ ಆಕಾಶದಿಂದಲೇ ಬರಬೇಕು. ಮೇಲಿನಿಂದ ಎಸೆದರೆ ಎಷ್ಟು ಎಸೆದಾರು? ವಿಮಾನ ಇಳಿಯಬೇಕು.

ಇಳಿಯಲು ನೆಲ ಬೇಕಲ್ಲ! ಊರಿನ ಗಂಡಸರು, ಹೆಂಗಸರು, ನಿರಾಶ್ರಿತರು ಸೇರಿ ಗುದ್ದಲಿ, ಬುಟ್ಟಿ ಹಿಡಿದು ಕೆಲವೇ ದಿನಗಳಲ್ಲಿ ಒಂದು ಪಟ್ಟಿಯನ್ನು ಸಮ ಮಾಡಿದರು. ಉದ್ದ ಸುಮಾರು 600 ಗಜ. ಡಕೋಟ ನಿಶ್ಚಿಂತೆಯಿಂದ ಇಳಿಯಲು ಬೇಕಾದದ್ದಕ್ಕಿಂತ ಇದು ಬಹಳ ಕಡಿಮೆ. ಪಕ್ಕದಲ್ಲೇ ಹೊಳೆ, ತುಸು ದೂರದಲ್ಲಿ ಶತ್ರುವಿನ ಬಂದೂಕು. 1947ರ ಡಿಸೆಂಬರ್‌ನಲ್ಲಿ ಈ ಪಟ್ಟಿಯ ಮೇಲೆ ಮೊದಲ ಡಕೋಟವನ್ನು ಇಳಿಸಿದವರು ಮೆಹರ್ ಸಿಂಗ್. ಮುಂದೆ ವಾಯುಪಡೆಯ ಮೊದಲ ಭಾರತೀಯ ಮುಖ್ಯಸ್ಥರಾದ ಸುಬ್ರತೊ ಮುಖರ್ಜಿ ಆ ವಿಮಾನದಲ್ಲಿ ಜೊತೆಗಿದ್ದರು.

ಬಾಸ್ ಇಳಿದ ಮೇಲೆ ಕಿರಿಯರು ಆಗದು ಎನ್ನುವಂತಿಲ್ಲ. ಡಕೋಟಗಳು ಸರದಿಯಾಗಿ ಬಂದವು. ಬರುವಾಗ ಹಿಟ್ಟು, ಉಪ್ಪು, ಮದ್ದುಗುಂಡು. ಹೋಗುವಾಗ ಗಾಯಾಳುಗಳು ಮತ್ತು ನಿರಾಶ್ರಿತರು. 1948ರ ಮಾರ್ಚಿನಲ್ಲಿ ಶತ್ರು ಬೆಟ್ಟದ ಮೇಲೆ ಫಿರಂಗಿ ತಂದಿಟ್ಟು ಪಟ್ಟಿಯ ಮೇಲೆಯೇ ಗುಂಡು ಸುರಿಸತೊಡಗಿದ. ಅದಕ್ಕೆ ಉತ್ತರ ಕೊಡಬೇಕಾದರೆ ಪೂಂಛ್‌ಗೆ ದೊಡ್ಡ ಫಿರಂಗಿ ಬೇಕು. ಹಗಲಿನಲ್ಲಿ ತರುವಂತಿಲ್ಲ. ಪಟ್ಟಿಯ ಇಕ್ಕೆಲಗಳಲ್ಲಿ ಎಣ್ಣೆದೀಪ ಹಚ್ಚಿಟ್ಟು ರಾತ್ರಿಯಲ್ಲಿ ಡಕೋಟಗಳನ್ನು ಇಳಿಸಿದರು. ಹೊಟ್ಟೆಯಲ್ಲಿ ಫಿರಂಗಿ ಹೊತ್ತು ಆ ಕತ್ತಲೆಯಲ್ಲಿ ಇಳಿದವರಲ್ಲಿಯೂ ಮೆಹರ್ ಸಿಂಗ್ ಇದ್ದರು.

ಬಾಂಬರ್ ವಿಮಾನಗಳ ಕೊರತೆ ಬಂದಾಗ ಡಕೋಟದ ಬಾಗಿಲಿನಿಂದಲೇ ಬಾಂಬುಗಳನ್ನು ಹೊರಕ್ಕೆ ಉರುಳಿಸಿದ್ದೂ ಇದೇ ಯುದ್ಧದಲ್ಲಿ. ಕೈಪಿಡಿಯಲ್ಲಿ ಇಲ್ಲದ ಉಪಾಯಗಳೇ ಆ ವರ್ಷದ ನಿತ್ಯದ ರೂಢಿಯಾಗಿದ್ದವು.

ಮೋಡದ ಮೇಲಿನ ದಾರಿ

ಇನ್ನು ಲೇಹ್. ಅಲ್ಲಿ ಕಾವಲಿಗಿದ್ದದ್ದು ಬೆರಳೆಣಿಕೆಯ ಸೈನಿಕರು. 1948ರ ಚಳಿಗಾಲದಲ್ಲಿ ಲಾಹೌಲ್‌ನ ಅಧಿಕಾರಿ ಪೃಥಿ ಚಂದ್ ಸುಮಾರು ನಲವತ್ತು ಮಂದಿ ಸ್ವಯಂಸೇವಕರನ್ನು ಕಟ್ಟಿಕೊಂಡು, ಹಿಮ ತುಂಬಿದ ಜೋಜಿ ಲಾ ಕಣಿವೆಯನ್ನು ನಡೆದು ದಾಟಿ ಲೇಹ್ ಸೇರಿದ್ದರು. ಅವರೊಡನೆ ಹೋಗಿದ್ದ ಲಡಾಖಿ ಎಂಜಿನಿಯರ್ ಸೋನಮ್ ನೊರ್ಬು ಅಲ್ಲಿನ ಜನರನ್ನು ಸೇರಿಸಿ, ಸಿಂಧೂ ನದಿಯ ಬಳಿ ಮರಳುಕಲ್ಲಿನ ಬಯಲಿನಲ್ಲಿ ಒಂದು ಪಟ್ಟಿಯನ್ನು ಸಿದ್ಧಗೊಳಿಸಿದರು. ವಿಮಾನವನ್ನೇ ಕಂಡಿರದ ಜನ ವಿಮಾನಕ್ಕಾಗಿ ನೆಲ ಹದಮಾಡಿದರು.

ಮೇ ತಿಂಗಳಲ್ಲಿ ಕಾರ್ಗಿಲ್ ಕೈಬಿಟ್ಟಿತು. ಶ್ರೀನಗರದಿಂದ ಲೇಹ್‌ಗೆ ಹೋಗುವ ದಾರಿ ಕಡಿಯಿತು. ಕೂಡಲೇ ಸೈನಿಕರು ಹೋಗದಿದ್ದರೆ ಲಡಾಖ್ ಇಲ್ಲ. ತಿಮ್ಮಯ್ಯ ಮೆಹರ್ ಸಿಂಗ್ ಅವರನ್ನು ಕೇಳಿದರು. ಮೆಹರ್ ಸಿಂಗ್ ಒಪ್ಪಿದರು. ಹಾಗಾದರೆ ನಾನೂ ಬರುತ್ತೇನೆ ಎಂದು ತಿಮ್ಮಯ್ಯ ಹೊರಟರು.

ಡಕೋಟದ ಒಳಗೆ ಗಾಳಿಯ ಒತ್ತಡವನ್ನು ಕಾಪಾಡುವ ವ್ಯವಸ್ಥೆ ಇರಲಿಲ್ಲ. ರೆಕ್ಕೆಗೆ ಕಟ್ಟುವ ಮಂಜನ್ನು ಒಡೆಯುವ ಸಾಧನವೂ ಇರಲಿಲ್ಲ. ಜೋಜಿ ಲಾ, ಫೋತು ಲಾ ಕಣಿವೆಗಳ ಮೇಲೆ, ಎರಡೂ ಕಡೆ ಶಿಖರಗಳ ನಡುವೆ, ಅದು 23,000 ಅಡಿಯವರೆಗೂ ಏರಬೇಕಾಯಿತು. ಸಮುದ್ರಮಟ್ಟದಲ್ಲಿ ನಾವು ಉಸಿರಾಡುವ ಗಾಳಿಯ ಅರ್ಧದಷ್ಟೂ ಒತ್ತಡ ಆ ಎತ್ತರದಲ್ಲಿ ಇರುವುದಿಲ್ಲ. ವಿಮಾನ ತಯಾರಿಸಿದವರು ಹೇಳಿದ ಮಿತಿಯ ಅಂಚು ಅದು. ಎರಡು ಎಂಜಿನ್‌ಗಳಲ್ಲಿ ಒಂದು ನಿಂತಿದ್ದರೂ ಇನ್ನೊಂದರ ಬಲದಿಂದ ಬೆಟ್ಟ ದಾಟುವಂತಿರಲಿಲ್ಲ. ಆಚೆ ಸಿಂಧೂ ಕಣಿವೆ ಕಂಡಿತು, ಪಟ್ಟಿ ಕಂಡಿತು. ವಿಮಾನ ಧೂಳೆಬ್ಬಿಸುತ್ತ ಇಳಿಯಿತು.

ಊರ ಜನ ಈ ದೊಡ್ಡ ಹಕ್ಕಿಗೆ ಮೇಯಲು ಹುಲ್ಲು ತಂದಿಟ್ಟರೆಂಬ ಕತೆ ವಾಯುಪಡೆಯಲ್ಲಿ ಇಂದಿಗೂ ನಡೆದಿದೆ. ಕತೆ ಹೇಗಾದರೂ ಇರಲಿ, ಫಲ ಮಾತ್ರ ಖಚಿತ. ಆಮೇಲೆ ಅದೇ ದಾರಿಯಲ್ಲಿ ಡಕೋಟಗಳು ಗೂರ್ಖಾ ಸೈನಿಕರನ್ನು ಹೊತ್ತು ಬಂದವು. ಲೇಹ್ ಉಳಿಯಿತು. ಇಂದು ಭಾರತದ ನಕ್ಷೆಯ ನೆತ್ತಿಯಲ್ಲಿ ಲೇಹ್ ಇರುವುದಕ್ಕೆ ಆ ಒಂದು ಹಾರಾಟವೂ ಕಾರಣ.

ಸರಿಯೇ, ತಪ್ಪೇ?

ಇಲ್ಲಿ ಒಂದು ಪ್ರಶ್ನೆಯನ್ನು ಕೇಳಲೇಬೇಕು. ದೊಡ್ಡ ದಂಡನಾಯಕ ಇಂಥ ಅಪಾಯಕ್ಕೆ ತಲೆಕೊಡುವುದು ಸರಿಯೇ? ಯುದ್ಧಶಾಸ್ತ್ರ ಹೇಳುವುದು ಬೇರೆ. ಸೇನಾಪತಿ ಹಿಂದೆ ಕುಳಿತು ಇಡೀ ರಂಗವನ್ನು ನೋಡಬೇಕು. ಅವನು ಸತ್ತರೆ ರಂಗವೇ ಕುರುಡಾಗುತ್ತದೆ. ಅಂದು ಆ ಡಕೋಟ ಜೋಜಿ ಲಾದ ಬಂಡೆಗೆ ಬಡಿದಿದ್ದರೆ, ಕಾಶ್ಮೀರದ ವಾಯುಪಡೆ ಮತ್ತು ಭೂಸೇನೆಯ ಮುಖ್ಯಸ್ಥರಿಬ್ಬರೂ ಒಂದೇ ಗಳಿಗೆಯಲ್ಲಿ ಇಲ್ಲವಾಗುತ್ತಿದ್ದರು. ಲಡಾಖೂ ಹೋಗುತ್ತಿತ್ತು. ಇತಿಹಾಸ ಆಗ ಇವರನ್ನು ವೀರರೆನ್ನದೆ ಹುಂಬರು ಎನ್ನುತ್ತಿತ್ತು.

ಈ ಆಕ್ಷೇಪಕ್ಕೆ ತೂಕವಿದೆ. ಆದರೆ ಇನ್ನೊಂದು ಮಗ್ಗುಲನ್ನೂ ನೋಡಬೇಕು. ಲೇಹ್‌ನ ಪಟ್ಟಿ ವಿಮಾನದ ಭಾರ ತಾಳುತ್ತದೆಯೇ, ಆ ಎತ್ತರದಿಂದ ಡಕೋಟ ಮತ್ತೆ ಮೇಲೇಳುತ್ತದೆಯೇ ಎಂಬುದನ್ನು ಹೇಳುವ ಪುಸ್ತಕ ಯಾವುದೂ ಇರಲಿಲ್ಲ. ಯಾರಾದರೊಬ್ಬರು ಹೋಗಿ ತಿಳಿದು ಬರಬೇಕಿತ್ತು. ಹಾಗೆ ಹೋಗುವವನಿಗೆ ಬೆಟ್ಟದ ಹಾರಾಟದ ಅನುಭವ ಎಲ್ಲರಿಗಿಂತ ಹೆಚ್ಚಿರಬೇಕು. ಆಗದು ಎಂದು ಕಂಡರೆ ಅಲ್ಲೇ ತೀರ್ಮಾನಿಸಿ ಹಿಂದಿರುಗುವ ಅಧಿಕಾರವೂ ಇರಬೇಕು. ಈ ಎರಡೂ ಇದ್ದ ಮನುಷ್ಯ ಅಂದು ಕಾಶ್ಮೀರದಲ್ಲಿ ಒಬ್ಬರೇ. ಇಪ್ಪತ್ತೆರಡರ ಹುಡುಗನೊಬ್ಬನನ್ನು ಕಳಿಸಿ, ಅವನು ಬಾರದಿದ್ದರೆ ಇನ್ನೊಬ್ಬನನ್ನು ಕಳಿಸುವುದು ಶಾಸ್ತ್ರಕ್ಕೆ ಹೊಂದಬಹುದು. ಹತ್ತು ತಿಂಗಳೂ ತುಂಬದ ಸ್ವತಂತ್ರ ದೇಶದ ಪುಟ್ಟ ವಾಯುಪಡೆಗೆ ಅಂಥ ನಷ್ಟ ತಾಳುವ ಶಕ್ತಿ ಇರಲಿಲ್ಲ.

ತಿಮ್ಮಯ್ಯನವರೂ ಅದೇ ಜಾತಿಯ ದಂಡನಾಯಕ. ಅದೇ ವರ್ಷ ನವೆಂಬರ್ 1ರಂದು ಜೋಜಿ ಲಾ ಕಣಿವೆಗೆ ಟ್ಯಾಂಕುಗಳನ್ನು ಏರಿಸಿ ಶತ್ರುವನ್ನು ಬೆಚ್ಚಿಬೀಳಿಸಿದಾಗ, ಮುಂದಿನ ಟ್ಯಾಂಕಿನಲ್ಲಿ ಅವರೇ ಇದ್ದರು.

ಪದಕ ಬಂದಾಗ ಸಮವಸ್ತ್ರ ಇರಲಿಲ್ಲ

ಲೇಹ್‌ನಲ್ಲಿ ಇಳಿದ ನಾಲ್ಕು ತಿಂಗಳಿಗೆ, 1948ರ ಸೆಪ್ಟೆಂಬರ್ 27ರಂದು, ಮೆಹರ್ ಸಿಂಗ್ ವಾಯುಪಡೆಗೆ ರಾಜೀನಾಮೆ ಕೊಟ್ಟರು. ಮೇಲಿನವರೊಡನೆ ಭಿನ್ನಾಭಿಪ್ರಾಯ ಬೆಳೆದಿತ್ತು. ವಯಸ್ಸು ಮೂವತ್ಮೂರು. ಯುದ್ಧ ಇನ್ನೂ ನಡೆದೇ ಇತ್ತು. ನವೆಂಬರಿನಲ್ಲಿ ಸೇನೆ ಮುತ್ತಿಗೆ ಒಡೆದು ಪೂಂಛ್ ಸೇರಿದಾಗ, ಒಂದು ವರ್ಷ ಆ ಊರಿಗೆ ಅನ್ನ ಹೊತ್ತ ಪಡೆಯ ನಾಯಕ ಪಡೆಯಲ್ಲಿ ಇರಲಿಲ್ಲ. 1949ರ ಜನವರಿ 1ರ ಕದನವಿರಾಮದ ಹೊತ್ತಿಗೂ ಇರಲಿಲ್ಲ.

ಮಹಾವೀರ ಚಕ್ರವೆಂಬ ಪದಕ ಜಾರಿಗೆ ಬಂದದ್ದೇ 1950ರ ಜನವರಿ 26ರಂದು, 1947ರ ಆಗಸ್ಟ್ 15ರಿಂದ ಅನ್ವಯವಾಗುವಂತೆ. ರಣರಂಗದ ಶೌರ್ಯಕ್ಕೆ ಪರಮವೀರ ಚಕ್ರದ ನಂತರದ ಸ್ಥಾನ ಅದಕ್ಕೆ. ಅದು ಮೆಹರ್ ಸಿಂಗ್ ಅವರ ಎದೆಗೆ ಬಂದಾಗ ಅವರು ಪಟಿಯಾಲದ ಮಹಾರಾಜರ ಸಲಹೆಗಾರರಾಗಿದ್ದ ನಾಗರಿಕ.

1952ರ ಮಾರ್ಚಿನಲ್ಲಿ ಜಮ್ಮುವಿನಿಂದ ದೆಹಲಿಗೆ ಬೊನಾಂಜಾ ಎಂಬ ಚಿಕ್ಕ ವಿಮಾನವನ್ನು ತಾವೇ ಹಾರಿಸಿಕೊಂಡು ಬರುತ್ತಿದ್ದಾಗ ಬಿರುಗಾಳಿಗೆ ಸಿಕ್ಕಿದರು. ವಿಮಾನ ಬಿದ್ದಿತು. ಮೂವತ್ತೇಳು ತುಂಬಲು ಕೆಲವೇ ದಿನಗಳಿದ್ದವು.

ಮೇಲಧಿಕಾರಿಗಳೊಡನೆ ಹೊಂದದ್ದಕ್ಕೂ ಪೂಂಛ್‌ನಲ್ಲಿ ಇಳಿದದ್ದಕ್ಕೂ ಮೂಲ ಒಂದೇ ಎಂದು ನನಗೆ ಅನ್ನಿಸುತ್ತದೆ. ಕಾಗದದ ಮೇಲಿನ ಅಭಿಪ್ರಾಯಕ್ಕಿಂತ ಕಣ್ಣಾರೆ ಕಂಡದ್ದನ್ನು ನಂಬುವ ಸ್ವಭಾವ ಅದು. ಯುದ್ಧಕ್ಕೆ ಇಂಥವರು ಬೇಕು. ಯುದ್ಧದ ಕಾವು ಇಳಿಯತೊಡಗಿದಾಗ ಕಚೇರಿಯ ಮೆಟ್ಟಿಲುಗಳಲ್ಲಿ ಇವರಿಗೆ ಕಾಲಿಡಲು ಜಾಗ ಸಿಗುವುದಿಲ್ಲ. ಇದು ನಮ್ಮ ವಾಯುಪಡೆಯೊಂದರ ಕತೆಯಲ್ಲ. 1959ರಲ್ಲಿ ಭೂಸೇನೆಯ ಮುಖ್ಯಸ್ಥರಾಗಿದ್ದ ತಿಮ್ಮಯ್ಯನವರೂ ರಕ್ಷಣಾ ಸಚಿವರೊಡನೆ ಬೇಸತ್ತು ರಾಜೀನಾಮೆ ಬರೆದರು. ನೆಹರೂ ಹೇಳಿದ ಮೇಲೆ ಹಿಂತೆಗೆದುಕೊಂಡರು. ಮೆಹರ್ ಸಿಂಗ್ ಕೊಟ್ಟ ಪತ್ರ ಹಿಂದಿರುಗಲಿಲ್ಲ.

2018ರಲ್ಲಿ ವಾಯುಪಡೆ ಒಂದು ಸ್ಪರ್ಧೆ ಏರ್ಪಡಿಸಿತು. ಪ್ರವಾಹ, ಭೂಕಂಪಗಳಲ್ಲಿ ದಾರಿ ಕಡಿದ ಊರುಗಳಿಗೆ ನೆರವು ಹೊತ್ತೊಯ್ಯಬಲ್ಲ, ಗುಂಪುಗುಂಪಾಗಿ ಹಾರುವ ಡ್ರೋನುಗಳನ್ನು ತಯಾರಿಸಿ ಎಂದು ದೇಶದ ತಂತ್ರಜ್ಞರನ್ನು ಆಹ್ವಾನಿಸಿತು. ಅದಕ್ಕೆ ಇಟ್ಟ ಹೆಸರು 'ಮೆಹರ್ ಬಾಬಾ'. ದಾರಿ ಕಡಿದ ಊರಿಗೆ ಹಿಟ್ಟು, ಉಪ್ಪು, ಔಷಧ ಮುಟ್ಟಿಸಿದ ಮನುಷ್ಯನಿಗೆ ಈ ಹೆಸರು ಒಪ್ಪುತ್ತದೆ. ಒಂದೇ ವ್ಯತ್ಯಾಸ. ಡ್ರೋನಿನಲ್ಲಿ ಯಾರೂ ಕೂರುವುದಿಲ್ಲ. ಪೂಂಛ್‌ನ ಆರುನೂರು ಗಜದ ಪಟ್ಟಿಯ ಮೇಲೆ ಇಳಿದ ಮೊದಲ ವಿಮಾನದಲ್ಲಿ ಅವರೇ ಕೂತಿದ್ದರು.